ನೀರಿಗೂ ಕಾಯ್ದೆ

ಆ ಸಭೆಯಿಂದ ಶುರುಮಾಡುವುದು ರೂಢಿಯಾಗಿದೆ. ಹಲವರಿಗೆ ಹೇಳಿದ್ದೇನೆ, ಹೇಳಿದಾಗಲೆಲ್ಲ ಕುರ್ಚಿಗಳು ತಾವಾಗಿ ಸಾಲಾಗಿ ನಿಲ್ಲುತ್ತವೆ, ಜನ ಒಬ್ಬರಾದ ಮೇಲೊಬ್ಬರು ಮಾತಾಡುತ್ತಾರೆ. ನಿಜಕ್ಕೂ ಅರ್ಧ ಮಂದಿ ನಿಂತೇ ಇದ್ದರು. ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. ಕೆಲವರ ಗಮನವೆಲ್ಲ ಮುಂಡರಗಿ ಬಸ್ಸಿನ ಮೇಲಿತ್ತು.

ಜಾಗ ಗದಗದ ಹತ್ತಿ ಮಾರುಕಟ್ಟೆಯ ಹಿಂದಿನ ಬೀದಿ, ಗೊಬ್ಬರದ ಅಂಗಡಿಯ ಮೇಲಿನ ಮಹಡಿ. ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ ಕಡೆಯ ಬ್ಯಾಡಗಿ ಮೆಣಸಿನಕಾಯಿ ಬೆಳೆಗಾರರು ಸೇರಿ ಕಟ್ಟಿಕೊಂಡ ಕಂಪನಿಯ ಕಚೇರಿ ಅದು. ನಾನು ಅಲ್ಲಿ ಪತ್ರ ಬರೆಯುವ ಕೆಲಸಕ್ಕಿದ್ದೆ. ಜರ್ಮನಿಯ ಒಬ್ಬ ವ್ಯಾಪಾರಿ ಒಂದು ಕಂಟೇನರ್ ತುಂಬ ಮುರಿಯದ ಕಾಯಿ ಕೇಳಿದ್ದ. ಒಂದು ಪ್ರತಿಷ್ಠಾನ ಕೊಟ್ಟ ಅನುದಾನದಲ್ಲಿ ಒಣಗಿಸುವ ಸಿಮೆಂಟ್ ಕಟ್ಟೆಗಳಾಗಿದ್ದವು. ಮೊದಲ ಅನುದಾನವನ್ನು ಸರಿಯಾಗಿ ಬಳಸಿದವರಿಗೆ ಪೂರಕ ಅನುದಾನವೂ ಸಿಗುತ್ತದೆಂದು ತಿಳಿದಾಗ, ಕಟ್ಟೆಗಳ ಸುತ್ತ ಕಾಂಪೌಂಡ್ ಕಟ್ಟಿಸೋಣ ಎಂದರು ಎಲ್ಲರೂ. ಹಂದಿಗಳ ಕಾಟ ಖರೆಯೇ ಇತ್ತು.

ಕಾಂಪೌಂಡಿಗೆ ಕೊಡುವುದಿಲ್ಲವೆಂದು ಪ್ರತಿಷ್ಠಾನದವರು ಫೋನಿನಲ್ಲಿ ಹೇಳಿದರು. ಮೊದಲಿನ ಯೋಜನೆಯಲ್ಲಿ ಕಾಣದೆ ಹೋದ, ಇಡೀ ಕೆಲಸವನ್ನೇ ಕೆಡಿಸಬಹುದಾದ ಅಪಾಯ ಯಾವುದು, ಅದನ್ನು ಬರೆಯಿರಿ ಎಂದರು. ಅದನ್ನೇ ಸಭೆಯಲ್ಲಿ ಕೇಳಿದೆ. ಮಳೆ ಅಂದರು. ರೇಟು ಅಂದರು. ಒಬ್ಬರು ಇಲಿ ಅಂದರು. ಪರದೇಶದ ಕಾಯ್ದೆಯ ಹೆಸರನ್ನು ಯಾರೂ ಎತ್ತಲಿಲ್ಲ. ವ್ಯಾಪಾರಿಯ ಪತ್ರದಲ್ಲಿ ಅದು ಒಂದೇ ಸಾಲಿನಲ್ಲಿತ್ತು: ಮಾಲು ಬಂದರಿನಲ್ಲಿ ಪರೀಕ್ಷೆಯಾಗುತ್ತದೆ, ಔಷಧವೋ ವಿಷವೋ ಅವರ ಮಿತಿ ಮೀರಿದ್ದರೆ ವಾಪಸು ಕಳಿಸುತ್ತಾರೆ ಇಲ್ಲವೇ ಸುಡುತ್ತಾರೆ, ಎರಡರ ಖರ್ಚೂ ನಮ್ಮದು. ಅದನ್ನು ಓದಿ ಹೇಳಿದೆ. ಎಲ್ಲರಿಗೂ ಕೇಳಿಸಿತೆಂದು ನೆನಪು; ಕೆಳಗೆ ಲಾರಿಗೆ ಗೊಬ್ಬರ ಏರಿಸುತ್ತಿದ್ದ ಸದ್ದಿನಲ್ಲಿ ಅದು ಹೇಗೆ ಕೇಳಿಸಿತೋ ತಿಳಿಯದು.

ಅಧ್ಯಕ್ಷರು ಲಕ್ಷ್ಮೇಶ್ವರದ ಹತ್ತಿರದವರು. ಅವರ ಮನೆಯ ಕಾಯಿ ಪೇಟೆಯಲ್ಲಿ ಹೆಸರು ಮಾಡಿದ್ದು. ಬಣ್ಣಕ್ಕೆ, ಮುರಿಯದ ಉದ್ದಕ್ಕೆ. ಜರ್ಮನಿಗೆ ಹೋದ ಮಾದರಿ ಅವರ ಹೊಲದ್ದೇ. ಈ ಕಂಪನಿಗೆ ಊರೂರು ತಿರುಗಿ ಜನ ಸೇರಿಸಿದ್ದೂ ಅವರೇ, ಆ ಹೆಸರಿನ ಮೇಲೆಯೇ. ಮೊದಲ ಕಂಟೇನರಿನಲ್ಲಿ ಅವರ ಚೀಲಗಳು ಇರುತ್ತವೆಂಬುದು ಯಾರೂ ಹೇಳಬೇಕಾದ ಮಾತಾಗಿರಲಿಲ್ಲ.

ಪೂರಕ ಅನುದಾನ ಬಂತು. ಆ ಹಣದಲ್ಲಿ ಮೈಸೂರಿನ ಕಡೆಯ ಒಬ್ಬ ಆಹಾರ ತಜ್ಞೆಯನ್ನು ಕರೆಸಿದೆವು. ಮಾಲು ಬೆರೆಸುವ ಮುಂಚೆ ಪ್ರತಿಯೊಬ್ಬರು ಚೀಲದಲ್ಲಿ ತುಂಬಿಟ್ಟಿದ್ದ ಕಾಯಿಯನ್ನೂ ಬೇರೆಬೇರೆ ಪರೀಕ್ಷೆಗೆ ಕಳಿಸುವುದೆಂದು ನಿರ್ಧಾರವಾಯಿತು. ಅಲ್ಲಿ ಸಿಕ್ಕಿಬೀಳುವುದನ್ನು ಇಲ್ಲೇ ಮೊದಲು ಹಿಡಿಯುವುದು, ಅಷ್ಟೇ ಉಪಾಯ. ತಜ್ಞೆ ಊರೂರಿಗೆ ಹೋಗಿ ಯಾವ ಔಷಧ ಹೊಡೆಯುತ್ತೀರಿ, ಯಾವಾಗ ನಿಲ್ಲಿಸುತ್ತೀರಿ ಎಂದು ಕೇಳಿ ಬರೆದುಕೊಂಡರು. ಕೊಯ್ದ ಮೇಲೆ ಕಾಯಿಗೆ ಏನಾದರೂ ಹಾಕುತ್ತೀರಾ ಎಂದೂ ಕೇಳಿದರು. ಎಣ್ಣೆ ಇಲ್ಲ, ಬಣ್ಣ ಇಲ್ಲ. ಎಲ್ಲ ಮನೆಗಳಲ್ಲೂ ಒಂದೇ ಉತ್ತರ: "ಏನೂ ಹಾಕಂಗಿಲ್ರಿ." ಯಾರೂ ಸುಳ್ಳು ಹೇಳಿರಲಿಲ್ಲ. ಅದು ನನಗೆ ಈಗಲೂ ಖಾತ್ರಿ, ಉಳಿದ ಬಹಳಷ್ಟು ಖಾತ್ರಿಯಿಲ್ಲದಿದ್ದರೂ.

ಫಲಿತಾಂಶ ಬಂತು. ಔಷಧದ ಅಂಶ ಎಲ್ಲರದೂ ಮಿತಿಯೊಳಗಿತ್ತು. ಕೆಲವರ ಕಾಯಿಯಲ್ಲಿ ಮಾತ್ರ ಬೂಷ್ಟಿನಿಂದ ಹುಟ್ಟುವ ವಿಷ ಮಿತಿ ಮೀರಿತ್ತು. ಅಫ್ಲಾಟಾಕ್ಸಿನ್ ಎನ್ನುತ್ತಾರೆ, ಕಣ್ಣಿಗೆ ಕಾಣುವಂಥದ್ದಲ್ಲ. ಆ ಕೆಲವರಲ್ಲಿ ಅಧ್ಯಕ್ಷರೂ ಒಬ್ಬರು. ಅವರು ಲ್ಯಾಬ್ ತಪ್ಪಿದೆ ಎಂದರು. ಚೀಟಿ ಅದಲುಬದಲಾಗಿದೆ ಎಂದರು. ಮತ್ತೆ ಕಳಿಸಿದೆವು. ಮತ್ತೆ ಅದೇ ಬಂತು.

ಹಾಗಾದರೆ ನಮ್ಮ ಮನೆಗೇ ಬರ್ರಿ, ಕಣ್ಣಾರೆ ನೋಡ್ರಿ ಎಂದು ಅವರೇ ಕರೆದರು. ತಜ್ಞೆ ಮತ್ತು ನಾನು ಬೆಳಗಿನ ಬಸ್ಸಿಗೆ ಹೋದೆವು. ಕಟ್ಟೆ ಸ್ವಚ್ಛವಾಗಿತ್ತು. ಅದರ ಮೇಲಿದ್ದ ಹೊಸ ಕೊಯ್ಲಿನ ಕಾಯಿ ಹಿಡಿಯಲ್ಲಿ ಹಿಸುಕಿದರೆ ಗಲಗಲ ಎನ್ನುವಷ್ಟು ಒಣಗಿತ್ತು. ತಜ್ಞೆ ತಂದಿದ್ದ ಮಾಪಕವೂ ಅದನ್ನೇ ಹೇಳಿತು. ಇಲ್ಲಿಯವರೆಗೆ ಎಲ್ಲ ಸರಿಯಿದೆ ಎಂದರು ಆಕೆ. ಅಧ್ಯಕ್ಷರ ಮುಖ ಅರಳಿತು. ಅವರ ಹೆಂಡತಿ ಚಹಾ ತಂದರು. ಆಮೇಲೆ ಅಧ್ಯಕ್ಷರು, ಬಂದದ್ದು ಸಾರ್ಥಕವಾಗಲಿ ಎಂಬಂತೆ, ತಮ್ಮ ಮನೆಯಲ್ಲಿ ಚೀಲ ತುಂಬುವ ರೀತಿಯನ್ನು ತೋರಿಸಲು ಎದ್ದರು.

ಒಂದು ಕೊಡ ನೀರು, ಒಂದು ಹಿಡಿ ಬೇವಿನ ತಪ್ಪಲು. ತಪ್ಪಲನ್ನು ಅದ್ದಿ ರಾಶಿಯ ಮೇಲೆ ಹಗುರಾಗಿ ಚಿಮುಕಿಸಿದರು. ಗೋಣಿತಟ್ಟು ಮುಚ್ಚಿದರು. ಸ್ವಲ್ಪ ಹೊತ್ತಿನಲ್ಲಿ ಕಾಯಿ ಮೆತ್ತಗಾಗಿ ಬೆರಳಿಗೆ ಸುತ್ತಿದರೂ ಮುರಿಯದಂತಾಯಿತು. ಆಮೇಲೆ ಆಳು ಚೀಲದೊಳಗೆ ಇಳಿದು, ಮೇಲಿನಿಂದ ಹಾಕಿದಂತೆಲ್ಲ ತುಳಿಯತೊಡಗಿದ. ಒಣ ಕಾಯಿ ತುಳಿದರೆ ಪುಡಿಯಾಗುತ್ತದೆ. ತುಳಿಯದಿದ್ದರೆ ಚೀಲದಲ್ಲಿ ಅರ್ಧ ಗಾಳಿಯೇ. ಇದು ಈ ಭಾಗದಲ್ಲಿ ಬಹಳ ಮನೆಗಳಲ್ಲಿ ಇರುವ ರೂಢಿ. ನಾನೂ ಎಷ್ಟೋ ಸಲ ನೋಡಿದ್ದೆ.

ತಜ್ಞೆ ಕೊಡದ ಕಡೆ ನೋಡುತ್ತ ಕೇಳಿದರು, "ಏನೂ ಹಾಕಲ್ಲ ಅಂದಿದ್ರಲ್ಲ?"

"ಏನ್ ಹಾಕೇವ್ರಿ ಅಕ್ಕಾರ? ನೀರು."

"ಅದೇ."

ಅಧ್ಯಕ್ಷರು ನಕ್ಕರು. ನನ್ನ ಕಡೆ ತಿರುಗಿದರು. "ನೀರಿಗೂ ಕಾಯ್ದೆ ಐತೇನ್ರಿ ಸರ ಆ ದೇಶದಾಗ?"

"ನೀರಿಗಿಲ್ಲ," ಎಂದರು ತಜ್ಞೆ. "ಒದ್ದೆ ಕಾಯಿನ ತುಳಿದು ತಿಂಗಳುಗಟ್ಟಲೆ ಮುಚ್ಚಿಟ್ರೆ ಒಳಗೆ ಬೆಳೆಯುತ್ತಲ್ಲ, ಅದಕ್ಕಿದೆ."

ಚೀಲದೊಳಗಿದ್ದ ಆಳು ತುಳಿಯುವುದನ್ನು ನಿಲ್ಲಿಸಿದ್ದ. ಬಾಗಿಲಲ್ಲಿ ನಿಂತಿದ್ದ ಅಧ್ಯಕ್ಷರ ಹೆಂಡತಿ, "ಆತು, ಜರ್ಮನಿಯವ್ರು ನಮ್ಮ ಕೊಡಾನೂ ಬೋರಲ ಹಾಕ್ಸಿದ್ರು," ಎಂದು ಚಹಾದ ಕಪ್‌-ಬಸಿಗಳನ್ನು ಒಳಗೆ ಒಯ್ದರು.

ಮುಂದಿನದನ್ನು ಬೇಗ ಹೇಳಬಹುದು. ಉಳಿದ ಪೂರಕ ಹಣದ ಉದ್ದೇಶ ಬದಲಿಸಲು ಪ್ರತಿಷ್ಠಾನಕ್ಕೆ ಬರೆದೆ, ಒಪ್ಪಿದರು. ಕಾಯಿಯನ್ನು ತುಳಿಯದೆ, ಒಣಗಿದ್ದು ಒಣಗಿದಂತೆಯೇ ರಟ್ಟಿನ ಪೆಟ್ಟಿಗೆಯಲ್ಲಿ ಜೋಡಿಸುವುದೆಂದಾಯಿತು. ಕಂಟೇನರಿಗೆ ಕಡಿಮೆ ಮಾಲು ಹಿಡಿಯುತ್ತದೆ. ಆ ಒಂದು ಸಲದ ನಷ್ಟವನ್ನು ಅನುದಾನ ತುಂಬಿಕೊಟ್ಟಿತು. ಪರೀಕ್ಷೆಯಲ್ಲಿ ಪಾಸಾದವರ ಮಾಲು ಮಾತ್ರ ಹೋಗಬೇಕು. ಯಾರದು ಹೋಗುವುದಿಲ್ಲ ಎಂಬ ಕಾಗದಕ್ಕೆ ಅಧ್ಯಕ್ಷರ ಸಹಿ ಬೇಕಿತ್ತು.

ಆ ಸಹಿಯ ದಿನದ ನೆನಪುಗಳು ನನ್ನಲ್ಲಿ ಒಂದಕ್ಕಿಂತ ಹೆಚ್ಚು ಇವೆ. ಒಂದರಲ್ಲಿ ಅವರು ಓದದೆಯೇ ಗೀಚಿ ಎದ್ದುಹೋಗುತ್ತಾರೆ. ಇನ್ನೊಂದರಲ್ಲಿ ಕನ್ನಡಕ ಹುಡುಕುತ್ತ ಕೂರುತ್ತಾರೆ, ಕನ್ನಡಕ ಜೇಬಿನಲ್ಲೇ ಇರುತ್ತದೆ. ಎರಡನೆಯದು ಚೆನ್ನಾಗಿದೆ, ಆದ್ದರಿಂದ ನಂಬುವುದಿಲ್ಲ. ಎರಡರಲ್ಲೂ ಇರುವ ಮಾತು ಇದು: "ಊರಾಗ ಏನಂತ ಹೇಳ್ಲಿ? ನನ್ನ ಕಾಯಿ ನೋಡಿ ಬಂದಾನವ. ನನ್ನ ಕಾಯೇ ಬ್ಯಾಡಂದ್ರ?"

ನಾನು ಏನೋ ಹೇಳಿರಬೇಕು. ಕಂಟೇನರ್ ಅವರ ಚೀಲಗಳಿಲ್ಲದೆ ಹೋಯಿತು. ಪೆಟ್ಟಿಗೆ ಏರಿಸುವಾಗ ಅವರು ಪೂರ್ತಿ ಹೊತ್ತು ನಿಂತಿದ್ದರು, ಹಮಾಲರಿಗೆ ಒಗೆಯಬೇಡಿರೆಂದು ಹೇಳುತ್ತ. ಬಂದರಿನಲ್ಲಿ ಪಾಸಾಯಿತೆಂಬ ಖಬರನ್ನು ನಾನೇ ಫೋನಿನಲ್ಲಿ ಹೇಳಿದೆ. ಛಲೋ ಆತು ಎಂದರು. ತಮ್ಮ ಮಾಲನ್ನು ಅವರು ಎಂದಿನಂತೆ ಬ್ಯಾಡಗಿ ಪೇಟೆಗೆ ಹಾಕಿದ್ದರು. ಅಲ್ಲಿ ಒಳ್ಳೆಯ ರೇಟೇ ಸಿಕ್ಕಿತು.

ಮರುವರ್ಷ ಅವರ ಕಾಯಿ ಪಾಸಾಯಿತು. ಪೆಟ್ಟಿಗೆ ಬಿಚ್ಚಿದರೆ ತುಂಬ ಮುರುಕು. "ಹಪ್ಪಳ ಆಗ್ಯಾವ ನೋಡ್ರಿ," ಎಂದು ತಾವೇ ನಕ್ಕರು. ಆ ಮಾಲೂ ಜರ್ಮನಿಗೆ ಹೋಯಿತು. ಮಾಲು ಕಳಿಸಿದವರ ಪಟ್ಟಿಯಲ್ಲಿ ಅವರ ಹೆಸರು ಎಷ್ಟನೆಯದೆಂದು ಯಾರೂ ಕೇಳಲಿಲ್ಲ, ಅವರೂ ಕೇಳಲಿಲ್ಲ.

ಆ ಚಳಿಗಾಲದಲ್ಲಿ ಮನೆಗೆ ಖಾರದ ಪುಡಿ ಮಾಡಿಸಲು ಅವರಲ್ಲೇ ಕಾಯಿ ಕೊಳ್ಳಲು ಹೋದೆ. ಅಂಗಳದಲ್ಲಿ ಎರಡು ರಾಶಿಗಳಿದ್ದವು. ಒಂದರ ಪಕ್ಕದಲ್ಲಿ ಪೆಟ್ಟಿಗೆಗಳು. ಇನ್ನೊಂದರ ಪಕ್ಕದಲ್ಲಿ ಕೊಡ, ಬೇವಿನ ತಪ್ಪಲು. ನಾನು ಕೊಡದ ಕಡೆ ನೋಡಿದ್ದನ್ನು ಅವರು ನೋಡಿದರು.

"ಪ್ಯಾಟಿಗೆ," ಎಂದರು. "ಅಲ್ಲಿ ಮುರುಕು ಒಯ್ದ್ರ ಮುಟ್ಟಂಗಿಲ್ಲ."

ಅಲ್ಲಿ ಯಾರೂ ಪರೀಕ್ಷೆ ಮಾಡುವುದಿಲ್ಲವೇ ಎಂದು ಕೇಳಿದೆ.

"ನಿಮ್ಮ ರೊಕ್ಕ ಜರ್ಮನಿ ಮಾಲಿಗೆ ಬಂದಿತ್ತಲ್ರೀ ಸರ. ಪ್ಯಾಟಿಗೆ ಎಲ್ಲಿ ಬಂದಿತ್ತು?"

ಅನುದಾನದ ಅರ್ಜಿ ಬರೆದವನು ನಾನೇ. ಅದರಲ್ಲಿ ಅಪಾಯವೆಂದರೆ ಪರದೇಶದ ಮಾರುಕಟ್ಟೆಯ ಅಪಾಯ ಎಂದಷ್ಟೇ ಇತ್ತು. ಅವರು ಒಂದು ಕೈಚೀಲ ತೆಗೆದುಕೊಂಡು, ಪೆಟ್ಟಿಗೆಗಳ ಪಕ್ಕದ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಮುರಿಯದ ಕಾಯಿಗಳನ್ನು ಆರಿಸಿ ಆರಿಸಿ ತುಂಬತೊಡಗಿದರು. ಒಳಗಿನಿಂದ ಅವರ ಹೆಂಡತಿ, ನಮಗೂ ಅದರಾಗಿಂದೇ ಒಂದಿಷ್ಟು ತೆಗೆದಿಡ್ರಿ ಎಂದು ಕೂಗಿ ಹೇಳಿದರು.