ಹುತ್ತವೆಂದು ಹಾಲೆರೆದ ದಿಬ್ಬ

ಜಯಲಕ್ಷ್ಮಿ ಮೊದಲೇ ಪುಕ್ಕಲಿ. ಲಿಫ್ಟಿನ ಬಾಗಿಲಿಗೂ ಹೆದರುವ ಈ ಹೆಂಗಸು ಬ್ರಿಸ್ಬೇನ್‌ನ ಸನ್ನಿಬ್ಯಾಂಕ್ ಬಡಾವಣೆಯ ಚೀನೀ ದಿನಸಿ ಅಂಗಡಿಯಲ್ಲಿ ಎಷ್ಟೋ ವರ್ಷದಿಂದ ತರಕಾರಿ ಜೋಡಿಸುತ್ತಿದ್ದಾಳೆಂದರೆ ನಂಬುವುದು ಕಷ್ಟ. ಆದರೆ ಈ ಸಲದ ಹೆದರಿಕೆ ನಗುವಂಥದ್ದಲ್ಲ. ಮಗಳು ಮಾಲವಿಕಾ ಬಸುರಿ. ಹಿಂದಿನ ಎರಡು ಬಸಿರು, ಪರ್ತ್‌ನಲ್ಲೊಂದು, ಅಡಿಲೇಡ್‌ನಲ್ಲೊಂದು, ಇಳಿದುಹೋಗಿದ್ದವು. ಈ ಸಲ ಅವಳು ಬ್ರಿಸ್ಬೇನ್‌ಗೆ, ಅಮ್ಮನ ಹತ್ತಿರವೇ ಬಂದಿದ್ದಳು.

ಹೊಸದಾಗಿ ಕೊಂಡ ಮನೆಯ ಹಿತ್ತಿಲ ಮೂಲೆಯಲ್ಲಿ ಒಂದು ಮಣ್ಣಿನ ದಿಬ್ಬವಿತ್ತು. ಮೈಸೂರಿನವಳ ಕಣ್ಣಿಗೆ ಅದು ಹುತ್ತವಲ್ಲದೆ ಇನ್ನೇನು? ನಾಗಪ್ಪನ ಮುನಿಸೇ ಎಲ್ಲಕ್ಕೂ ಕಾರಣವೆಂದು ತಾನೇ ತೀರ್ಮಾನಿಸಿ, ಮಗಳ ಹೆಸರು ಹೇಳಿ ದಿನಾ ಬೆಳಿಗ್ಗೆ ತನಿ ಎರೆಯತೊಡಗಿದಳು. "ಬರೀ ಮಣ್ಣು ಕಣೇ ಅದು," ಎಂದು ಗಂಡ ಉದಯಶಂಕರ್ ಹೇಳಿದ್ದು ಅವಳ ಕಿವಿಗೆ ಬೀಳಲೇ ಇಲ್ಲ.

ಒಂದು ಬೆಳಿಗ್ಗೆ ಮಣ್ಣು ತೊಳೆದುಹೋಗಿ ಕಲ್ಲೊಂದು ಕಾಣಿಸಿತು. ಅದರ ಮೇಲೆ ಚೀನೀ ಲಿಪಿಯಂಥ ಒಂದೇ ಅಕ್ಷರ: 塚. ಅದರ ಫೋಟೋವನ್ನು ಅಂಗಡಿಯ ಹುಡುಗಿ ಲಿನ್‌ಗೆ ತೋರಿಸಿದಳು.

"ಇದು ಗೋರಿ, ಆಂಟಿ."

ಬಸುರಿ ಮಗಳ ಹೆಸರು ಹೇಳಿ ಯಾವುದೋ ಹೆಣಕ್ಕೆ ಹಾಲುತುಪ್ಪ ಬಿಟ್ಟಂತಾಯಿತಲ್ಲ! ಮನೆಗೆ ಬಂದರೆ ಮಾಲವಿಕಾ ಸೋಫಾದಲ್ಲಿ ಹೊಟ್ಟೆ ಹಿಡಿದು ಕೂತಿದ್ದಳು. "ಪಾಪು ಇವತ್ತು ಯಾಕೋ ಜಾಸ್ತಿ ಒದೀತಿಲ್ಲಮ್ಮ." ಜಯಲಕ್ಷ್ಮಿ ಅವಳನ್ನು ಉದಯಶಂಕರ್ ಜೊತೆ ಆಸ್ಪತ್ರೆಗೆ ಕಳಿಸಿ, ಗೋರಿ ಯಾರದೆಂದು ಕೇಳಲು, ತಮಗೆ ಆ ಮನೆ ಮಾರಿದ್ದ ಜಪಾನಿ ಮುದುಕಿ ಓತ್ಸುಕಾಳ ಫ್ಲ್ಯಾಟ್‌ಗೆ ಓಡಿದಳು. ಅದು ಹಿಂದಿನ ಬೀದಿಯಲ್ಲೇ ಇತ್ತು.

ಫೋಟೋ ನೋಡಿ ಓತ್ಸುಕಾ ಮೆಲ್ಲಗೆ ಹೇಳಿದಳು. "ಗೋರಿ ಅಂತ ಚೀನಾದವರು ಓದ್ತಾರೆ. ನಮ್ಮಲ್ಲಿ ತ್ಸುಕಾ ಅಂದ್ರೆ ದಿಬ್ಬ. ಇರುವೆ ಗುಡ್ಡೆಗೂ ಅದೇ, ಹಳೇ ದಾರಿಗಳಲ್ಲಿ ದೂರ ತಿಳಿಸೋ ದಿಬ್ಬಕ್ಕೂ ಅದೇ. ನನ್ನ ಹೆಸರಲ್ಲೂ ಅದೇ ಇದೆ."

ಜಯಲಕ್ಷ್ಮಿಗೆ ಹೋದ ಜೀವ ಬಂದಂತಾಯಿತು. "ಹಾಗಾದ್ರೆ ಅಲ್ಲಿ ಯಾರೂ ಇಲ್ಲ, ಅಲ್ವಾ?"

ಓತ್ಸುಕಾ ತಲೆ ತಗ್ಗಿಸಿದಳು. "ಹುಟ್ಟದೇ ಹೋದ ನನ್ನ ಮಗೂಗೆ ಮಾಡಿದ್ದು ಅದು. ಮನೆ ಮಾರುವಾಗ ಹೇಳೋಕೆ ಬಾಯಿ ಬರಲಿಲ್ಲ."

ಜಯಲಕ್ಷ್ಮಿ ತಾನು ಮಾಡಿದ್ದನ್ನೆಲ್ಲ ತೊದಲುತ್ತ ಒಪ್ಪಿಸಿದಳು. ಮುದುಕಿ ಬೈಯಲಿಲ್ಲ, ಅವಳ ಎರಡೂ ಕೈ ಹಿಡಿದುಕೊಂಡಳು. "ಹಾಲು ಕೊಟ್ರಾ? ನನ್ನ ಕೈಲಿ ಕೊಡೋಕೆ ಆಗಲೇ ಇಲ್ಲ."

"ನನ್ನ ಮಗಳಿಗೆ ಏನೂ ಆಗಲ್ಲ ತಾನೇ?"

"ಗೊತ್ತಿಲ್ಲ," ಎಂದಳು ಓತ್ಸುಕಾ. "ನಾಳೆ ನಾನೂ ಬರಲಾ?"

ಆಸ್ಪತ್ರೆಯಿಂದ ಇನ್ನೂ ಫೋನ್ ಬಂದಿರಲಿಲ್ಲ. ಭಯ ಹಾಗೇ ಇತ್ತು. ಜಯಲಕ್ಷ್ಮಿ ಸೆರಗಿನಿಂದ ಮುಖ ಒರೆಸಿಕೊಂಡಳು.

"ಬನ್ನಿ. ಹಾಲು ಸ್ವಲ್ಪ ಜಾಸ್ತಿನೇ ತನ್ನಿ. ನಮ್ಮವೂ ಎರಡಿವೆ."