ಅರದ ಗೆರೆಗಳು

ಜಪಾನಿನಲ್ಲಿ ಗುಂಡು ಹಾರುವ ಮಿಲಿಟರಿ ರೈಫಲ್ ಇಟ್ಟುಕೊಳ್ಳುವ ಮಾತೇ ಇಲ್ಲ. ನಳಿಗೆಗೆ ಉಕ್ಕು ತುಂಬಿ, ಬೋಲ್ಟ್ ಕತ್ತರಿಸಿ, ಇನ್ನೆಂದೂ ಹಾರದಂತೆ ಮಾಡಿದ ಹಳೆಯ ಬಂದೂಕುಗಳನ್ನು ಮಾತ್ರ ಕೆಲವು ಅಂಗಡಿಗಳಲ್ಲಿ ಕೊಳ್ಳಬಹುದು. ಅಂಥವು ಮೂರು ಇಚಿಕಾವಾ ಊರಿನ ನಮ್ಮ ಫ್ಲಾಟಿನಲ್ಲಿದ್ದವು. ತುಕ್ಕು ತೆಗೆದು, ಮರಕ್ಕೆ ಎಣ್ಣೆ ಕುಡಿಸಿ, ಅವನ್ನು ಹೊಸದರಂತೆ ಮಾಡುವುದು ನನ್ನ ಹುಚ್ಚು. ಕೊರೋನಾ ಬಂದು ಆಫೀಸಿನ ಕೆಲಸ ಮನೆಯಿಂದಲೇ ಆದಾಗ ಅದು ಹೆಚ್ಚಿತು. ಎರಡನೆಯ ವರ್ಷ, ಬೇಸಿಗೆ ಹತ್ತಿರವಾಗುತ್ತಿದ್ದಾಗ, ನಾಲ್ಕನೆಯದನ್ನು ತರಿಸಿದೆ.

ಅದು ಜಪಾನಿ ಸೇನೆಯದು, ಯುದ್ಧದ ಕೊನೆಯ ವರ್ಷದಲ್ಲಿ ತಯಾರಾದದ್ದು. ಯಾವನೋ ಅಮೆರಿಕನ್ ಸೈನಿಕ ತನ್ನೂರಿಗೆ ಒಯ್ದಿದ್ದನಂತೆ. ಅಷ್ಟು ವರ್ಷಗಳ ಮೇಲೆ ಮತ್ತೆ ಸಮುದ್ರ ದಾಟಿ ಬಂದಿತ್ತು. ಉಳಿದ ಮೂರರಂತೆ ನಯವಾಗಿರಲಿಲ್ಲ. ಅವಸರದಲ್ಲಿ ಅರದಿಂದ ಉಜ್ಜಿ ಬಿಟ್ಟ ಗೆರೆಗಳು ಮರದ ಮೇಲೆ ಹಾಗೇ ಇದ್ದವು.

ಪೆಟ್ಟಿಗೆ ಬಿಚ್ಚುವಾಗ ಹೆಂಡತಿ ಫೋನಿನಲ್ಲಿ ಬೆಂಗಳೂರಿನ ಸುದ್ದಿ ನೋಡುತ್ತಿದ್ದಳು.

"ರೀ, ಅಲ್ಲಿ ಜನ ಆಕ್ಸಿಜನ್ ಸಿಗ್ದೆ ಸಾಯ್ತಿದಾರೆ. ನಿಮಗೆ ಈಗ ಇದು ಬೇಕಿತ್ತಾ?"

ನಾನು ಪೆಟ್ಟಿಗೆಯ ಟೇಪು ಕೀಳುತ್ತಾ ಹೋದೆ.

"ಆ ಎಣ್ಣೆ ವಾಸನೆ ಮಾತ್ರ ಒಳಗೆ ಬೇಡ. ಬಾಲ್ಕನೀಲಿ ಏನಾದ್ರೂ ಮಾಡ್ಕೊಳ್ಳಿ," ಎಂದು ಎದ್ದು ಹೋದಳು.

ಬಾಲ್ಕನಿಯಲ್ಲಿ ನಮಗೂ ಪಕ್ಕದ ಮನೆಗೂ ನಡುವೆ ಒಂದು ತೆಳು ಹಲಗೆ ಅಷ್ಟೆ. ಆಚೆ ತೊಂಬತ್ತರ ಅಜ್ಜಿಯೊಬ್ಬರು ಒಂಟಿಯಾಗಿದ್ದರು. ನನ್ನ ಮಗಳು ಕರೆಯುವಂತೆ ನಾವೂ ಅವರನ್ನು ಒಬಾಚಾನ್, ಅಂದರೆ ಅಜ್ಜಿ, ಎನ್ನುತ್ತಿದ್ದೆವು. ನಾನು ಎಣ್ಣೆ ಡಬ್ಬಿಯ ಮುಚ್ಚಳ ತೆಗೆದ ದಿನವೇ ಹಲಗೆಯಾಚೆಯಿಂದ ದನಿ ಬಂತು.

"ಸುಮಿಮಾಸೆನ್, ಕ್ಷಮಿಸಿ, ಅದು ಅಗಸೆ ಎಣ್ಣೆಯಾ?"

"ಹೌದು. ವಾಸನೆಯಿಂದ ತೊಂದರೆಯಾಯಿತಾ?"

"ಇಲ್ಲ. ಯಾವುದಕ್ಕೆ ಹಚ್ಚುತ್ತಿದ್ದೀರಿ?"

ಹೇಳಿದೆ. "ನಾನು ನೋಡಬಹುದಾ?" ಎಂದರು.

ಮಾಸ್ಕ್ ಹಾಕಿಕೊಂಡು ಬಂದು, ನಮ್ಮ ಬಾಗಿಲೊಳಗೆ ಚಪ್ಪಲಿ ಬಿಡುವ ಜಾಗದಲ್ಲೇ ನಿಂತರು. ಒಳಗೆ ಬನ್ನಿ ಎಂದರೂ ಬರಲಿಲ್ಲ. ನಾನು ರೈಫಲನ್ನು ಅಡ್ಡಲಾಗಿ ಹಿಡಿದೆ. ಹಾರುವುದಿಲ್ಲ ತಾನೇ ಎಂದು ಎರಡು ಸಲ ಕೇಳಿ, ಮರದ ಮೇಲೆ ಬೆರಳಾಡಿಸಿದರು.

"ಇಲ್ಲಿ ಅರ ಜಾರಿದೆ," ಎಂದರು. "ಹೀಗೆ ಜಾರಿದರೆ ಮೇಲ್ವಿಚಾರಕ ಕೋಲಿನಿಂದ ಬೆರಳಿಗೆ ಹೊಡೆಯುತ್ತಿದ್ದ."

ಯುದ್ಧದ ಆ ಕೊನೆಯ ವರ್ಷ ಅವರಿಗೆ ಹದಿನಾಲ್ಕು. ಶಾಲೆ ಮುಚ್ಚಿ ಇಡೀ ತರಗತಿಯನ್ನು ಬಂದೂಕಿನ ಕಾರ್ಖಾನೆಗೆ ಕಳಿಸಿದ್ದರಂತೆ. ಹುಡುಗಿಯರಿಗೆ ಮರದ ಕೆಲಸ, ಅರ ಹಾಕುವುದು, ಅಗಸೆ ಎಣ್ಣೆ ಹಚ್ಚುವುದು. ಇವರ ಪಕ್ಕದಲ್ಲಿ ಯಂತ್ರದ ಮುಂದೆ ನಿಲ್ಲುತ್ತಿದ್ದವಳು ಒಂದೇ ಬೆಂಚಿನ ಗೆಳತಿ. ಹೊಟ್ಟೆಗಿಲ್ಲದೆ, ನಿದ್ದೆಯಿಲ್ಲದೆ ಅವಳು ನಿಂತಲ್ಲೇ ತೂಕಡಿಸಿ ಕೈಯನ್ನು ಯಂತ್ರಕ್ಕೆ ಕೊಟ್ಟಳು. ಅವಳನ್ನು ಹೊತ್ತೊಯ್ದ ಮೇಲೆ, ರಕ್ತವಾದ ಮರವನ್ನು ಮೇಲ್ವಿಚಾರಕ ಚಿಂದಿಯಲ್ಲಿ ಒರೆಸಿ ಇವರ ಮುಂದೆ ಇಟ್ಟ. ಮುಂದುವರಿಸು ಎಂದ.

"ಮುಂದುವರಿಸಿದೆ," ಎಂದರು ಒಬಾಚಾನ್.

ಗಾಯ ಕೀವಾಗಿ ಗೆಳತಿ ಕೆಲವು ದಿನಗಳಲ್ಲೇ ತೀರಿಕೊಂಡಳು. ಜ್ವರದಿಂದ ಸತ್ತಳೆಂದು ಹೇಳಬೇಕೆಂದು ಎಲ್ಲರಿಗೂ ತಾಕೀತಾಗಿತ್ತು. ಅವಳ ತಾಯಿ ಬಂದು ಕೈ ಹಿಡಿದು ಕೇಳಿದಾಗ ಇವರೂ ಜ್ವರ ಎಂದೇ ಹೇಳಿದರು. ಆ ತಾಯಿ ಮುಂದೆ ಮೂವತ್ತು ವರ್ಷ ಬದುಕಿದ್ದರು. ನಿಜ ಹೇಳಲು ಇವರಿಗೆ ಬಾಯಿ ಬರಲಿಲ್ಲ.

ಹೊರಡುವಾಗ ತಲೆಬಾಗಿಸಿ ಒಂದು ಮಾತು ಕೇಳಿದರು. "ಇದನ್ನು ಉಜ್ಜಬೇಡಿ. ಹೀಗೇ ಇರಲಿ."

"ಖಂಡಿತ," ಎಂದೆ.

ಆ ಮಾತನ್ನು ನಾನು ಮೂರು ವಾರವೂ ಉಳಿಸಿಕೊಳ್ಳಲಿಲ್ಲ. ಉಳಿದ ಮೂರರ ಪಕ್ಕದಲ್ಲಿ ಅದು ದರಿದ್ರವಾಗಿ ಕಾಣುತ್ತಿತ್ತು. ಹಿಂಭಾಗ ಒಂದಿಷ್ಟು ಸರಿಮಾಡೋಣ, ಅವರಿಗೇನು ಗೊತ್ತಾಗುತ್ತದೆ ಎಂದುಕೊಂಡು ಮರ ಉಜ್ಜುವ ಉಪ್ಪುಕಾಗದ ಹಿಡಿದೆ. ಒಂದು ಕಡೆ ನಯವಾದ ಮೇಲೆ ಇನ್ನೊಂದು ಕಡೆ ಬಿಡಲಾಗಲಿಲ್ಲ. ಎರಡು ದಿನದಲ್ಲಿ ಗೆರೆಗಳೆಲ್ಲ ಹೋದವು. ಎಣ್ಣೆ ಕುಡಿದ ಮರ ಜೇನಿನ ಬಣ್ಣಕ್ಕೆ ಬಂತು. ಸಂಗ್ರಹಕಾರರ ಗುಂಪಿಗೆ ಫೋಟೋ ಹಾಕಿದೆ. ಬಹಳ ಜನ ಮೆಚ್ಚಿದರು.

ಎಣ್ಣೆ ಒಣಗಲೆಂದು ಅದನ್ನು ಬಾಗಿಲ ಪಕ್ಕ ಒರಗಿಸಿದ್ದ ದಿನ ಒಬಾಚಾನ್ ಮಗಳಿಗೆ ಲೋಕಾಟ್ ಹಣ್ಣು ತಂದುಕೊಟ್ಟರು. ಅವರ ಕಣ್ಣು ಅದರ ಮೇಲೆ ಬಿತ್ತು.

"ಚೆನ್ನಾಗಿ ಬಂದಿದೆ," ಎಂದರು. ಹಣ್ಣಿನ ಚೀಲ ನನ್ನ ಕೈಗಿತ್ತು ಹೋದರು.

ಬಾಗಿಲು ಹಾಕಿದ ಮೇಲೆ ಹೆಂಡತಿ ಕೇಳಿದಳು. "ಉಜ್ಜಲ್ಲ ಅಂತ ಪ್ರಾಮಿಸ್ ಮಾಡಿದ್ರಿ ಅಲ್ವಾ?"

ಅಲ್ಲಿಂದ ಹಲಗೆಯಾಚೆ ಮಾತಿರಲಿಲ್ಲ. ಎದುರಾದರೆ ಬರೀ ನಮಸ್ಕಾರ. ಕ್ಷಮೆ ಕೇಳಬೇಕು, ನಾಳೆ ಕೇಳೋಣ ಎನ್ನುತ್ತಲೇ ಆಗಸ್ಟ್ ಬಂತು. ಸೋಂಕು ಏರಿ ಆಸ್ಪತ್ರೆಗಳು ತುಂಬಿದ್ದವು. ಒಬಾಚಾನ್ ಲಸಿಕೆ ಹಾಕಿಸಿಕೊಂಡಿರಲಿಲ್ಲ. ಒಂದು ಮಧ್ಯಾಹ್ನ ಅವರ ಕೆಮ್ಮು ಗೋಡೆ ದಾಟಿ ನಮಗೂ ಕೇಳತೊಡಗಿತು. ನಾನೇ ಆಂಬುಲೆನ್ಸ್ ಕರೆದೆ. ಅವರನ್ನು ಮಲಗಿಸಿಕೊಂಡು ಗಾಡಿ ನಮ್ಮ ಕಟ್ಟಡದ ಕೆಳಗೇ ನಿಂತಿತ್ತು. ಒಳಗಿನವರು ಆಸ್ಪತ್ರೆಯಿಂದ ಆಸ್ಪತ್ರೆಗೆ ಫೋನ್ ಮಾಡುತ್ತಿದ್ದರು. ಎರಡು ಗಂಟೆಯ ಮೇಲೆ, ಎಲ್ಲೂ ಹಾಸಿಗೆಯಿಲ್ಲ, ಮನೆಯಲ್ಲೇ ಇರಲಿ ಎಂದು ಕುರ್ಚಿಯಲ್ಲಿ ಕೂರಿಸಿ ಮೇಲಕ್ಕೆ ತಂದು ಬಿಟ್ಟರು.

ಹೆಂಡತಿ ಗಂಜಿ ಮಾಡಿ ಅವರ ಬಾಗಿಲ ಹೊರಗಿಟ್ಟು ಬೆಲ್ ಒತ್ತಿ ಬರುತ್ತಿದ್ದಳು. ಎರಡು ದಿನ ಖಾಲಿ ಡಬ್ಬಿ ತೊಳೆದು ಹೊರಗಿಟ್ಟಿದ್ದರು. ಮೂರನೆಯ ದಿನ ಬೆಳಿಗ್ಗೆ ಇಟ್ಟ ಡಬ್ಬಿ ಮಧ್ಯಾಹ್ನವೂ ಅಲ್ಲೇ ಇತ್ತು. ಬಾಲ್ಕನಿಗೆ ಹೋಗಿ ಹಲಗೆ ಬಡಿದು ಕೂಗಿದೆ. ಕೆಮ್ಮೂ ಕೇಳಲಿಲ್ಲ. ಪೊಲೀಸರು ಬಂದು ಬಾಗಿಲು ತೆಗೆಸಿದರು. ಒಬಾಚಾನ್ ಅಡುಗೆಮನೆಯ ನೆಲದಲ್ಲಿದ್ದರು. ಬಿಳಿ ರಕ್ಷಾಕವಚದವರು ಅವರನ್ನು ಜಿಪ್ ಹಾಕಿದ ಚೀಲದಲ್ಲಿ ಒಯ್ದರು. ಸುಡುವಾಗ ಹತ್ತಿರದವರು ಯಾರೂ ಇರುವಂತಿರಲಿಲ್ಲ.

ತಿಂಗಳ ಮೇಲೆ ಕ್ಯೋಟೋದಿಂದ ಅವರ ತಂಗಿಯ ಮಗಳು ಮನೆ ಖಾಲಿ ಮಾಡಲು ಬಂದರು. ಅರವತ್ತು ದಾಟಿದ ಹೆಂಗಸು. ಕೊನೆಗೆ ಏನಾದರೂ ಹೇಳಿದ್ದರೇ ಎಂದು ಕೇಳಿದರು. ನಾನು ಕಾರ್ಖಾನೆಯ ಕಥೆ ಹೇಳಿದೆ. ಗೆಳತಿಯ ಕೈ, ಆ ತಾಯಿಗೆ ಹೇಳಿದ ಸುಳ್ಳು, ನಾನು ಕೊಟ್ಟು ಮುರಿದ ಮಾತು, ಎಲ್ಲವನ್ನೂ.

"ಯುದ್ಧದಲ್ಲಿ ಹಳ್ಳಿಯ ನೆಂಟರ ಮನೆಯಲ್ಲಿದ್ದೆ ಅಂತ ನಮಗೆ ಹೇಳುತ್ತಿದ್ದರು," ಎಂದರು ಆಕೆ. ಕೈಯಲ್ಲಿದ್ದ ಹಗ್ಗ ಸುತ್ತುತ್ತಾ, "ನಿಮಗೆ ಮಾತ್ರ ಹೇಳಿದ್ದಾರೆ," ಎಂದರು.

ಆ ಮಾತು ನನಗೆ ಬೈಗುಳದಂತೆ ಕೇಳಿಸಿತು. ಆಕೆ ಬೈದಿರಲಿಲ್ಲ. ಮತ್ತೆ ಒಳಗೆ ಹೋಗಿ ಪೆಟ್ಟಿಗೆ ಕಟ್ಟತೊಡಗಿದರು. ನಾನು ತುಂಬಿದ ಪೆಟ್ಟಿಗೆಗಳನ್ನು ಒಂದೊಂದಾಗಿ ಲಿಫ್ಟಿಗೆ ಸಾಗಿಸಿದೆ.