ಬ್ರೇಕಿನ ದುಡ್ಡು, ಫ್ಲೆಕ್ಸಿನಲ್ಲಿ ನನ್ನ ಮುಖ

ಮಳವಳ್ಳಿಯ ಮೆಕ್ಯಾನಿಕ್ ಸಾಬರು ಅಕ್ಕನ ಕಾರಿನ ಚಕ್ರ ಬಿಚ್ಚಿ ನೋಡಿದರು. ಮುಂದಿನ ಪ್ಯಾಡು, ಎರಡು ಡಿಸ್ಕು, ಹಿಂದಿನ ಲೈನರು, ಆಯಿಲು, ಕೂಲಿ ಎಲ್ಲ ಸೇರಿ ಆರೂವರೆ ಸಾವಿರ ಆಗುತ್ತದೆ ಎಂದರು. ನನ್ನ ಜೇಬಿನಲ್ಲಿ ಏಳು ಸಾವಿರ ಇತ್ತು. ಬೆಳಿಗ್ಗೆ ಅಕ್ಕನೇ ಕೊಟ್ಟಿದ್ದಳು.

"ಬ್ರೇಕ್ ತುಳಿದ್ರೆ ಕೀರ್ ಅಂತದೆ ಕಣ್ಲಾ, ರಸ್ತೇಲಿ ಓಗೋರೆಲ್ಲ ತಿರುಗಿ ನೋಡ್ತಾರೆ. ಏನೇನ್ ಆಕ್ಬೇಕೋ ಎಲ್ಲಾ ಆಕ್ಸ್ಕೊಂಡ್ ಬಾ. ದುಡ್ಡಿನ ಮೊಕ ನೋಡ್ಬೇಡ" ಎಂದಿದ್ದಳು.

ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಮನೆ ಭಾರತೀನಗರದಲ್ಲಿ, ಕೆಲಸ ಮಳವಳ್ಳಿಯ ಕಡೆ, ಸರ್ಕಾರಿ ನರ್ಸು. ನಲವತ್ತು ದಾಟಿದ ಮೇಲೆ ಡ್ರೈವಿಂಗ್ ಕಲಿತು, ಹಳೆಯದೊಂದು ಸಣ್ಣ ಕಾರು ಕೊಂಡವಳು. ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟೆ. ಫ್ಯಾಕ್ಟರಿಗೆ ಕಬ್ಬಿನ ಟ್ರ್ಯಾಕ್ಟರ್ ಓಡಿಸುತ್ತೇನೆ. ಹಾಗಾಗಿ ಬ್ರೇಕ್ ಕೆಟ್ಟರೆ ಏನಾಗುತ್ತದೆಂದು ನನಗೆ ಗೊತ್ತಿರಲಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳುವ ಹಾಗಿಲ್ಲ.

ಸಾಮಾನು ಮಂಡ್ಯದಿಂದ ಬರಬೇಕು, ನಾಳೆ ಬಾ ಎಂದರು ಸಾಬರು. ಸದ್ಯಕ್ಕೆ ಪ್ಯಾಡನ್ನು ಮರಳು ಕಾಗದದಿಂದ ಉಜ್ಜಿ ಹಾಕಿದರು. ಕೀರ್ ಎನ್ನುವುದು ನಿಂತಿತು.

"ಸದ್ದು ನಿಂತದೆ ಅಷ್ಟೇಯ, ಬ್ರೇಕ್ ಸರಿ ಓಗಿಲ್ಲ. ಇಳಿಜಾರಿಗಂತೂ ತಕೊಂಡೋಗ್ಬೇಡ" ಎಂದು ಎರಡು ಸಲ ಹೇಳಿದರು.

ಅದೇ ಸಂಜೆ ನಮ್ಮ ಗೆಳೆಯರ ಗುಂಪು ಟೀ ಅಂಗಡಿಯಲ್ಲಿ ಸೇರಿತ್ತು. ರಾಜ್ಯೋತ್ಸವಕ್ಕೆ ಶುಭ ಕೋರುವ ಫ್ಲೆಕ್ಸ್ ಕಟ್ಟಿಸಬೇಕು, ಬಾಡೂಟ ಹಾಕಿಸಬೇಕು. ನಮ್ಮ ಕಡೆ ಫ್ಲೆಕ್ಸಿಗೆ ಒಂದು ಲೆಕ್ಕ ಇದೆ. ಹೆಚ್ಚು ಕೊಟ್ಟವನ ಫೋಟೋ ದೊಡ್ಡದು, ಕಡಿಮೆ ಕೊಟ್ಟವನದು ಕೆಳಗಿನ ಸಾಲಿನಲ್ಲಿ ಸ್ಟಾಂಪಿನಷ್ಟು. ಪ್ರತಿ ವರ್ಷ ನನ್ನದು ಸ್ಟಾಂಪು.

"ನಿಂದು ಐನೂರು ತಾನೇ? ಬುಡು, ಮೂಲೇಲಿ ಅಂಟಿಸ್ತೀವಿ" ಎಂದ ಒಬ್ಬ. ಎಲ್ಲರೂ ನಕ್ಕರು. ನಾನು ಜೇಬಿಗೆ ಕೈ ಹಾಕಿ ಏಳು ಸಾವಿರವನ್ನೂ ಟೇಬಲ್ ಮೇಲೆ ಇಟ್ಟೆ.

ಮೂರು ದಿನದ ಮೇಲೆ ಬಸ್ ಸ್ಟ್ಯಾಂಡಿನ ಎದುರು, ಕೂಲಿಂಗ್ ಗ್ಲಾಸ್ ಹಾಕಿಕೊಂಡು ಕೈ ಮುಗಿಯುತ್ತಾ, ನಾನು ಆಳೆತ್ತರ ನಿಂತಿದ್ದೆ. ಅಕ್ಕ ಕಾರು ನಿಲ್ಲಿಸಿ ಅದನ್ನು ನೋಡಿದಳು.

"ಫೋಟೋ ಚೆಂದಾಗ್ ಬಂದದೆ ಕಣ್ಲಾ. ಅಪ್ಪ ಇದ್ದಿದ್ರೆ ನೋಡೋನು" ಎಂದಳು. ಆಮೇಲೆ, "ಬ್ರೇಕೂ ಈಗ ಚೆನ್ನಾಗದೆ. ಒಂಚೂರೂ ಸದ್ದಿಲ್ಲ" ಎಂದಳು. ಹೊಸ ಬ್ರೇಕ್ ಹಾಕಿಸಿದ್ದೇನೆ ಎಂದು ನಾನು ಅವಳಿಗೆ ಹೇಳಿಯಾಗಿತ್ತು. ಮುಂದಿನ ಬಟವಾಡೆ ಆಗಿ ಕೂಲಿ ಕೈಗೆ ಬಂದ ಕೂಡಲೇ ಗುಟ್ಟಾಗಿ ಹಾಕಿಸಿಬಿಡೋಣ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ.

ಬಟವಾಡೆಗೆ ಮೊದಲೇ ಅಕ್ಕನ ಫೋನ್ ಬಂತು. ನಾನು ಗದ್ದೆಯಲ್ಲಿ ಕಬ್ಬು ತುಂಬಿಸುತ್ತಿದ್ದೆ. ಅವಳು ಮಳವಳ್ಳಿ ಆಸ್ಪತ್ರೆಯಲ್ಲಿ ಲಸಿಕೆ ಡಬ್ಬ ತುಂಬಿಸಿಕೊಳ್ಳುತ್ತಿದ್ದಳು. ಶಿವನಸಮುದ್ರದಲ್ಲಿ ಕರೆಂಟ್ ತಯಾರಿಸುವ ಕಡೆ ಕೆಲಸ ಮಾಡುವವರ ಮಕ್ಕಳಿಗೆ ಲಸಿಕೆ ಹಾಕುವ ದಿನ. ಅಲ್ಲಿನ ಕಡಿದಾದ ಇಳಿಜಾರಿಗೆ ಹೆದರಿ ಯಾವಾಗಲೂ ಬಸ್ಸಿನಲ್ಲೇ ಹೋಗುವವಳು.

"ಇವತ್ತು ಬಸ್ಸಿಗೆ ಕಾಯಾಕಿಲ್ಲ. ಇನ್ನೊಂದರ್ಧ ಗಂಟೆಗೆ ಕಾರಲ್ಲೇ ಓಯ್ತೀನಿ. ಒಸಾ ಬ್ರೇಕ್ ಆಕ್ಸಿದ್ದೀಯಲ್ಲ, ಇನ್ನೇನ್ ಭಯ?"

ನಾನು ಊಂ ಎಂದೆ. ಅಷ್ಟೇ ಅಂದದ್ದು.

ಫೋನ್ ಇಟ್ಟ ಮೇಲೆ ಕಬ್ಬು ತುಂಬಿಸುವುದನ್ನು ಅಲ್ಲಿಗೇ ಬಿಟ್ಟೆ. ಹೋಗಬೇಡ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಆದರೆ ಯಾಕೆ ಎನ್ನುತ್ತಾಳೆ, ದುಡ್ಡು ಏನ್ಮಾಡ್ದೆ ಎನ್ನುತ್ತಾಳೆ. ಆ ಪ್ರಶ್ನೆಗೆ ಹೆದರಿ ನಾನು ಅವಳಿಗೆ ಫೋನ್ ಮಾಡಲಿಲ್ಲ, ಸಾಬರಿಗೆ ಮಾಡಿದೆ. ಎಲ್ಲ ಒಪ್ಪಿಕೊಂಡೆ. ಹೇಗಾದರೂ ಕಾರು ನಿಲ್ಲಿಸಿ, ನನ್ನ ವಿಷಯ ಮಾತ್ರ ಎತ್ತಬೇಡಿ ಎಂದು ಬೇಡಿಕೊಂಡೆ.

"ಥೂ ನಿನ್ನ! ಒಡುಟ್ಟಿದೋಳು ಕಣೋ ಅವ್ಳು" ಎಂದು ಬೈದು ಫೋನ್ ಇಟ್ಟರು.

ಸಾಬರು ಆವತ್ತು ಫೋನ್ ಎತ್ತದೇ ಹೋಗಿದ್ದರೆ ಆಗಲಾದರೂ ಅಕ್ಕನಿಗೆ ಮಾಡುತ್ತಿದ್ದೆನೇ? ಇವತ್ತಿಗೂ ಹೌದು ಎಂದು ಗಟ್ಟಿಯಾಗಿ ಹೇಳಲಾರೆ.

ಅವರು ಅಂಗಡಿಯನ್ನು ಹಾಗೇ ಬಿಟ್ಟು ಹೋಗಿ, ಆಸ್ಪತ್ರೆಯ ಗೇಟಿಗೆ ತಮ್ಮ ಸ್ಕೂಟರನ್ನು ಅಡ್ಡ ಹಾಕಿ ನಿಂತರಂತೆ. "ಸಿಸ್ಟ್ರಮ್ಮ, ತಪ್ಪಾಗೋಯ್ತು. ನಾನು ಆಕಿದ್ ಪ್ಯಾಡು ಸರಿಯಾದ ಮಾಲಲ್ಲ. ಈ ಗಾಡಿ ಇಳಿಸ್ಬೇಡಿ" ಎಂದರಂತೆ. ಅಕ್ಕ ನಾಲ್ಕು ಜನರ ಮುಂದೆ ಅವರ ನೀರಿಳಿಸಿದಳು. ಅವರು ತುಟಿ ಬಿಚ್ಚದೆ ಆಟೋ ಕರೆದು, ಲಸಿಕೆ ಡಬ್ಬವನ್ನು ತಾವೇ ಎತ್ತಿಟ್ಟು ಕಳಿಸಿದರು. ಸಂಜೆಯೊಳಗೆ ಕಾರಿಗೆ ಎಲ್ಲವನ್ನೂ ಹೊಸದಾಗಿ ಹಾಕಿ, ಅಕ್ಕನಿಂದ ಒಂದು ರೂಪಾಯಿಯನ್ನೂ ಮುಟ್ಟದೆ ಕೀ ಕೊಟ್ಟರು.

ಅಷ್ಟಕ್ಕೆ ಮುಗಿಯಲಿಲ್ಲ. ಆ ಸಾಬರ ಹತ್ತಿರ ಗಾಡಿ ಬಿಡಬೇಡಿ, ನಕಲಿ ಮಾಲು ಹಾಕುತ್ತಾರೆ ಎಂದು ಅಕ್ಕ ತನ್ನ ಜೊತೆಯ ನರ್ಸುಗಳಿಗೆಲ್ಲ ಫೋನ್ ಮಾಡಿ ಹೇಳಿದಳು. ನಾನು ಪಕ್ಕದಲ್ಲೇ ಕೂತು ಮುದ್ದೆ ಮುರಿಯುತ್ತಾ ಅದನ್ನು ಕೇಳಿಸಿಕೊಂಡೆ.

ಬಟವಾಡೆ ಆಯಿತು. ದುಡ್ಡು ತೆಗೆದುಕೊಂಡು ಸಾಬರ ಹತ್ತಿರ ಹೋದೆ. ಅವರು ಕೈ ಒರೆಸಿಕೊಳ್ಳುತ್ತಾ ಒಂದು ಸಲ ನೋಟಿನ ಕಡೆ ನೋಡಿದರು.

"ಇಟ್ಕೊ. ನಾನು ಸುಳ್ಳೇಳಿದ್ದು ಅವತ್ತು ಗಾಡಿ ನಿಲ್ಸಕ್ಕೆ. ನಿನ್ ತಪ್ಪ ಎಷ್ಟು ದಿನ ನಾನೇ ಒರ್ಲಿ? ಮೊದ್ಲು ನಿಮ್ಮಕ್ಕಂಗೆ ನಿಜ ಏಳು. ದುಡ್ಡು ಆಮೇಕೆ ಇಸ್ಕತೀನಿ."

ಅಲ್ಲಿಂದ ನೇರ ಅಕ್ಕನ ಮನೆಗೆ ಹೋದೆ. ಅವಳು ಅವರೆಕಾಯಿ ಸುಲಿಯುತ್ತಿದ್ದಳು. ನಿಂತುಕೊಂಡೇ ಎಲ್ಲ ಹೇಳಿದೆ. ಹೊಡೆಯುತ್ತಾಳೆ ಎಂದುಕೊಂಡಿದ್ದೆ. ಅವಳು ಮೊರವನ್ನು ಪಕ್ಕಕ್ಕಿಟ್ಟಳು.

"ನಾನ್ ಸತ್ತಿದ್ರೂ ಪರ್ವಾಗಿರ್ಲಿಲ್ವೇನ್ಲಾ ನಿಂಗೆ?"

ನನಗೆ ಅಳು ಬಂತು. ಅವಳು ಅದಕ್ಕೆ ಕರಗಲಿಲ್ಲ. ಕಾರಿನ ಕೀ ತೆಗೆದುಕೊಂಡು, "ನಡಿ. ಆ ಮನುಸನ್ ಎಸ್ರು ಎಲ್ಲೆಲ್ಲಿ ಕೆಡ್ಸಿದ್ದೀನೋ ಅಲ್ಲೆಲ್ಲ ನೀನೇ ಬಾಯ್ಬುಟ್ಟು ಏಳ್ಬೇಕು" ಎಂದಳು.

ಮೊದಲು ಗ್ಯಾರೇಜಿಗೆ ಹೋದೆವು. ಗಿರಾಕಿಗಳ ಎದುರಿಗೇ ಅಕ್ಕ ಸಾಬರಿಗೆ ಕೈ ಮುಗಿದಳು. ಅವರು ಗಾಬರಿಯಾಗಿ, "ಅಯ್ಯೋ ಬುಡಿ ಸಿಸ್ಟ್ರಮ್ಮ, ನಮ್ಮನೇಲೂ ಇಂಥವ್ನೊಬ್ಬ ತಮ್ಮ ಅವ್ನೆ" ಎಂದು ಟೀ ತರಿಸಿದರು. ಆವತ್ತು ನನ್ನ ಕೈಯಿಂದ ದುಡ್ಡು ತೆಗೆದುಕೊಂಡರು. ಆರೂವರೆ ಸಾವಿರ, ಅದಕ್ಕಿಂತ ಒಂದು ರೂಪಾಯಿಯನ್ನೂ ಹೆಚ್ಚು ಮುಟ್ಟಲಿಲ್ಲ.

ಆಮೇಲೆ ಆ ನರ್ಸುಗಳ ಮನೆಗಳು: ಮಳವಳ್ಳಿಯಲ್ಲಿ ಒಂದು, ಮಂಡ್ಯದಲ್ಲಿ ಒಂದು, ಕೊನೆಗೆ ಮದ್ದೂರಿನಲ್ಲಿ ಒಂದು. ಪ್ರತಿ ಮನೆಯಲ್ಲೂ ನಾನು ಬಾಗಿಲಲ್ಲಿ ನಿಂತು ಅದೇ ಮಾತು ಹೇಳಿದೆ: ಬ್ರೇಕಿನ ದುಡ್ಡನ್ನು ಫ್ಲೆಕ್ಸಿಗೆ ಕೊಟ್ಟವನು ನಾನು, ಸಾಬರದು ತಪ್ಪಿಲ್ಲ. ಮಂಡ್ಯದಲ್ಲಿ ನಾಲಿಗೆ ತೊದಲಿತು. ಅಕ್ಕ ಕಾರಿನಲ್ಲಿ ಕೂತಿರಬಹುದಿತ್ತು, ಕೂರಲಿಲ್ಲ. ಮೂರೂ ಕಡೆ ನನ್ನ ಪಕ್ಕದಲ್ಲೇ ನಿಂತಿದ್ದಳು. ಆ ಋಣವನ್ನು ನಾನು ಹೇಗೆ ಹೇಳಲಿ, ನನಗೆ ಅಷ್ಟು ಮಾತು ಬರುವುದಿಲ್ಲ.

ಮದ್ದೂರಿನ ಮನೆಯಲ್ಲಿ ಆ ನರ್ಸಿನ ಗಂಡ ಎಲ್ಲ ಕೇಳಿಸಿಕೊಂಡು, ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಸರಿ ಕಣಪ್ಪ. ಅಂಗಾದ್ರೆ ಆ ಸಾಬ್ರ ಫೋನ್ ನಂಬರ್ ಕೊಡು. ನಮ್ ಗಾಡಿನೂ ಕೀರ್ ಅಂತದೆ."

ಅಕ್ಕ ನನ್ನ ಕಡೆ ನೋಡಿದಳು. ನಾನು ಒಂದೊಂದೇ ಅಂಕಿಯನ್ನು ನಿಧಾನವಾಗಿ ಹೇಳಿ ಬರೆಸಿದೆ.